ಒಡೆಯುವ ಗಡಿಗೆ, ಎಸೆಯುವ ಚೀಲ: ಏಕಬಳಕೆಯ ಬಯೋರಿಯಾಕ್ಟರಿನ ಪ್ರಯೋಜನ ಮತ್ತು ಮಿತಿಗಳ ಒಂದು ಜಾನಪದೀಯ ವಿವೇಚನೆ

ಪ್ರವೇಶ

ವಿಜಯಪುರ ನಗರದ ಗಾಂಧಿ ಚೌಕ ಮತ್ತು ಅದರ ಸುತ್ತಲಿನ ಪೇಟೆಯಲ್ಲಿ ಪಾತ್ರೆಗಳ ಚರಿತ್ರೆಯ ಮೂರು ಘಟ್ಟಗಳನ್ನು ಒಟ್ಟಿಗೆ ಕಾಣಬಹುದು. ಬೇಸಿಗೆ ಬಂತೆಂದರೆ ಟಿಕೋಟ, ಬಬಲೇಶ್ವರಗಳ ಕಡೆಯಿಂದ ಪೇಟೆಗೆ ಬಂದವರು ನೀರಿನ ಹರವಿಯನ್ನೋ ಮೊಸರಿನ ಗಡಿಗೆಯನ್ನೋ ಬೆರಳಿನಿಂದ ತಟ್ಟಿ, ಅದರ ದನಿ ಕೇಳಿ, ಬಿರುಕಿಲ್ಲವೆಂದು ಖಚಿತಪಡಿಸಿಕೊಂಡು ಕೊಳ್ಳುವುದುಂಟು. ಅದೇ ಪೇಟೆಯಲ್ಲಿ ಉಕ್ಕಿನ ಕೊಡ, ಡಬರಿಗಳ ಅಂಗಡಿಗಳಿವೆ. ಪ್ಲಾಸ್ಟಿಕ್ಕಿನ ಬಕೆಟ್ಟು, ಲೋಟ, ಚೀಲಗಳ ಮಾರಾಟವೂ ಇದೆ. ಮಣ್ಣು, ಲೋಹ, ಪ್ಲಾಸ್ಟಿಕ್ಕು ಎಂಬ ಈ ಮೂರು ಸಾಮಗ್ರಿಗಳು ಬಳಸುವವರಿಂದ ಮೂರು ಬಗೆಯ ನಡವಳಿಕೆಯನ್ನು ಬೇಡುತ್ತವೆ. ಮಣ್ಣಿನ ಪಾತ್ರೆ ಒಡೆದು ಮಣ್ಣಿಗೆ ಸೇರುತ್ತದೆ. ಲೋಹದ ಪಾತ್ರೆ ಬೆಳಗಿದರೆ ಮತ್ತೆ ಬಳಕೆಗೆ ಬರುತ್ತದೆ. ಪ್ಲಾಸ್ಟಿಕ್ಕಿನದು ಬಳಕೆ ಮುಗಿದ ಮೇಲೂ ಉಳಿಯುತ್ತದೆ.

ಯಾವ ಪಾತ್ರೆಯನ್ನು ತೊಳೆದು ಇಟ್ಟುಕೊಳ್ಳಬೇಕು, ಯಾವುದನ್ನು ಒಮ್ಮೆ ಬಳಸಿ ಹೊರಹಾಕಬೇಕು ಎಂಬ ಪ್ರಶ್ನೆ ಅಡುಗೆಮನೆಯಷ್ಟೇ ಹಳೆಯದು. ಕಳೆದ ಮೂರು ದಶಕಗಳಲ್ಲಿ ಇದೇ ಪ್ರಶ್ನೆ ಜೈವಿಕ ತಂತ್ರಜ್ಞಾನದ ಕಾರ್ಖಾನೆಗಳಲ್ಲಿ ಹೊಸ ರೂಪದಲ್ಲಿ ಎದ್ದಿದೆ. ಲಸಿಕೆ, ಕ್ಯಾನ್ಸರ್ ಔಷಧ ಮೊದಲಾದವುಗಳನ್ನು ಜೀವಕೋಶಗಳ ಮೂಲಕ ತಯಾರಿಸುವ ಪಾತ್ರೆಗೆ ಬಯೋರಿಯಾಕ್ಟರ್ ಎಂದು ಹೆಸರು. ಈ ಪಾತ್ರೆ ಉಕ್ಕಿನದಾಗಿ ದಶಕಗಳ ಕಾಲ ಬಾಳಬೇಕೇ, ಅಥವಾ ಪ್ಲಾಸ್ಟಿಕ್ಕಿನ ಚೀಲವಾಗಿ ಒಮ್ಮೆ ಬಳಸಿ ಎಸೆಯುವಂತಿರಬೇಕೇ ಎಂಬ ಚರ್ಚೆ ತಜ್ಞರ ನಡುವೆ ನಡೆದಿದೆ. ಏಕಬಳಕೆಯ ಬಯೋರಿಯಾಕ್ಟರಿನ ಸ್ವರೂಪವನ್ನೂ ಅದರ ಪ್ರಯೋಜನ ಮತ್ತು ಮಿತಿಗಳನ್ನೂ ಪಾತ್ರೆಗಳ ಕುರಿತ ಜನಪದರ ತಿಳಿವಳಿಕೆಯ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹುದುಗು ಮತ್ತು ಪಾತ್ರೆ: ಜನಪದರ ತಿಳಿವಳಿಕೆ

ಹಾಲು ಮೊಸರಾಗುವುದು, ಅಂಬಲಿ ಹುಳಿಯುವುದು, ಈಚಲ ಮರದ ರಸ ಸೇಂದಿಯಾಗುವುದು ಸೂಕ್ಷ್ಮಜೀವಿಗಳ ಕೆಲಸದಿಂದ. ಸೂಕ್ಷ್ಮಜೀವಿ ಎಂಬ ಕಲ್ಪನೆ ಇಲ್ಲದ ಕಾಲದಲ್ಲಿಯೂ ಅದರ ಕೆಲಸವನ್ನು ನಿಯಂತ್ರಿಸುವ ಕ್ರಮಗಳು ಜನಪದರಿಗೆ ತಿಳಿದಿದ್ದವು. ನಿನ್ನೆಯ ಮೊಸರಿನ ಒಂದಿಷ್ಟು ಭಾಗವನ್ನು ಇಂದಿನ ಹಾಲಿಗೆ ಹೆಪ್ಪು ಹಾಕುವುದು ಇಂಥ ಒಂದು ಕ್ರಮ. ಇಲ್ಲಿ ಮೊಸರಿನ ಗಡಿಗೆಯೂ ಪಾಲುಗೊಳ್ಳುತ್ತದೆ. ಮಣ್ಣಿನ ಸಣ್ಣ ರಂಧ್ರಗಳಲ್ಲಿ ಹಿಂದಿನ ಹುಳಿಯ ಅಂಶ ಉಳಿದಿರುತ್ತದೆ. ಆ ಕಾರಣಕ್ಕೇ ಮೊಸರಿನ ಗಡಿಗೆಯಲ್ಲಿ ಹಾಲು ಕಾಯಿಸುವುದಿಲ್ಲ, ಹಾಲಿನ ಗಡಿಗೆಯಲ್ಲಿ ಮೊಸರಿಡುವುದಿಲ್ಲ. ಸೇಂದಿ ಇಳಿಸುವ ಮಡಕೆಯನ್ನು ಮತ್ತೆ ಮರಕ್ಕೆ ಕಟ್ಟಿದಾಗ ಅದರಲ್ಲಿ ಉಳಿದ ಹುದುಗು ಹೊಸ ರಸವನ್ನು ಬೇಗನೆ ಹುಳಿಸುತ್ತದೆ. ಅದೇ ರಸ ಹುಳಿಯದೆ ನೀರಾ ಆಗಿ ದೊರೆಯಬೇಕಾದರೆ ಮಡಕೆಯ ಒಳಮೈಗೆ ಸುಣ್ಣ ಬಳಿಯುತ್ತಾರೆ. ಒಂದೇ ಮರ, ಒಂದೇ ಮಡಕೆ. ಪಾತ್ರೆಯ ಒಳಮೈಯನ್ನು ಹೇಗಿಟ್ಟರು ಎಂಬುದರ ಮೇಲೆ ಪದಾರ್ಥವೇ ಬೇರೆಯಾಗುತ್ತದೆ.

ಲೋಹದ ಪಾತ್ರೆಗಳ ವಿಷಯದಲ್ಲಿಯೂ ಇಂಥದೇ ತಿಳಿವಳಿಕೆ ಇದೆ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರಗಳ ಪಾತ್ರೆಯಲ್ಲಿ ಮಜ್ಜಿಗೆ, ಹುಣಸೆಹುಳಿಗಳನ್ನು ಇಟ್ಟರೆ ಕಿಲುಬು ಬಿಡುತ್ತದೆ, ಅದನ್ನು ಉಣ್ಣಬಾರದು. ಪಾತ್ರೆಯು ತನ್ನೊಳಗಿನ ಪದಾರ್ಥದ ಜೊತೆ ವ್ಯವಹರಿಸುತ್ತದೆ, ಅದು ಸುಮ್ಮನೆ ಹಿಡಿದಿಡುವ ವಸ್ತುವಲ್ಲ ಎಂಬ ಅರಿವು ಕಲಾಯಿಗಾರನ ವೃತ್ತಿಗೆ ಆಧಾರವಾಗಿತ್ತು.

ಇಟ್ಟುಕೊಳ್ಳುವ ಮತ್ತು ಹೊರಹಾಕುವ ನಿಯಮಗಳು ಸ್ಪಷ್ಟವಾಗಿ ಕಾಣಿಸುವುದು ಸೂತಕದ ಸಂದರ್ಭದಲ್ಲಿ. ಮೈಲಿಗೆಯಾಯಿತೆಂದು ಭಾವಿಸಿದಾಗ ಮಣ್ಣಿನ ಪಾತ್ರೆಗಳನ್ನು ಹೊರಹಾಕುತ್ತಾರೆ. ಲೋಹದ ಪಾತ್ರೆಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ಬೆಳಗಿ ಒಳಕ್ಕೆ ತೆಗೆದುಕೊಳ್ಳುತ್ತಾರೆ. ಮಣ್ಣು ಹೀರಿಕೊಂಡದ್ದನ್ನು ತೊಳೆದು ತೆಗೆಯಲಾಗದು, ಲೋಹದ ಮೈಮೇಲಿನದನ್ನು ಉಜ್ಜಿ ತೆಗೆಯಬಹುದು ಎಂಬ ವಸ್ತುಜ್ಞಾನ ಈ ಆಚಾರದ ಒಳಗಿದೆ. ಆದರೆ ಇದೇ ಶುದ್ಧಿಯ ಕಲ್ಪನೆಯನ್ನು ಮನುಷ್ಯರ ಮೇಲೆ ಹೇರಿ, ಕೆಲವು ಜಾತಿಗಳವರು ಮುಟ್ಟಿದ ಪಾತ್ರೆಯನ್ನು ಹೊರಗೆಸೆಯುವ, ಅವರಿಗೆಂದೇ ಬೇರೆ ಲೋಟ ಇಡುವ ಅನ್ಯಾಯವೂ ನಡೆದಿದೆ. ಪ್ರಯೋಗಾಲಯದ ಮಾಲಿನ್ಯವನ್ನು ಅಳೆದು ತೋರಿಸಬಹುದು. ಸಾಮಾಜಿಕ ಮೈಲಿಗೆ ಅಳತೆಗೆ ಸಿಕ್ಕದ ಕಲ್ಪನೆ. ಈ ಎರಡನ್ನೂ ಬೆರೆಸದೆ, ವಸ್ತುಜ್ಞಾನದ ಭಾಗವನ್ನು ಮಾತ್ರ ಮುಂದಿನ ಹೋಲಿಕೆಗೆ ತೆಗೆದುಕೊಳ್ಳಲಾಗಿದೆ.

ಬಯೋರಿಯಾಕ್ಟರ್ ಮತ್ತು ಉಕ್ಕಿನ ಪಾತ್ರೆ

ಬಯೋರಿಯಾಕ್ಟರ್ ಎಂದರೆ ಸೂಕ್ಷ್ಮಜೀವಿಗಳನ್ನು ಅಥವಾ ಪ್ರಾಣಿಗಳ ಜೀವಕೋಶಗಳನ್ನು ಪೋಷಕ ದ್ರವದಲ್ಲಿ ಬೆಳೆಸುವ ಪಾತ್ರೆ. ಒಳಗಿನ ಉಷ್ಣತೆ, ಆಮ್ಲೀಯತೆ ಮತ್ತು ಕರಗಿದ ಆಮ್ಲಜನಕದ ಪ್ರಮಾಣಗಳನ್ನು ಸದಾ ಅಳೆದು ನಿಗದಿತ ಮಿತಿಯೊಳಗೆ ಇಡಲಾಗುತ್ತದೆ. ಜೀವಕೋಶಗಳು ತಳಕ್ಕೆ ಇಳಿಯದಂತೆ ದ್ರವವನ್ನು ಮೆಲ್ಲಗೆ ಕಲಕಲಾಗುತ್ತದೆ. ಹೆಪ್ಪು ಹಾಕಿದ ಗಡಿಗೆಯನ್ನು ಬೆಚ್ಚಗಿನ ಮೂಲೆಯಲ್ಲಿಟ್ಟು ಕಾಯುವ ಕೆಲಸದ ಅತಿ ಸೂಕ್ಷ್ಮವಾದ ರೂಪ ಇದು.

ಬೆಳೆಸುವ ಜೀವಿಯ ಸ್ವಭಾವಕ್ಕೆ ತಕ್ಕಂತೆ ಪಾತ್ರೆಯ ಬೇಡಿಕೆ ಬದಲಾಗುತ್ತದೆ. ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ; ಅದಕ್ಕೆ ಹೆಚ್ಚು ಆಮ್ಲಜನಕ ಬೇಕು, ಅದು ಹೆಚ್ಚು ಶಾಖವನ್ನೂ ಹೊರಬಿಡುತ್ತದೆ. 1957ರಲ್ಲಿ ಮೊದಲಿಗೆ ಬೇರ್ಪಡಿಸಿ ಬೆಳೆಸಲಾದ ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದ ಜೀವಕೋಶಗಳು ಇಂದು ಅನೇಕ ಜೈವಿಕ ಔಷಧಗಳ ತಯಾರಿಕೆಗೆ ಆಧಾರವಾಗಿವೆ. ಅವು ಇಮ್ಮಡಿಯಾಗಲು ಹತ್ತಿರ ಹತ್ತಿರ ಒಂದು ದಿನ ಬೇಕು. ಎರಡು ಮೂರು ವಾರ ನಡೆಯುವ ಇಂಥ ಕೃಷಿಯಲ್ಲಿ ಒಂದು ಹೊರಗಿನ ಬ್ಯಾಕ್ಟೀರಿಯಾ ಸೇರಿದರೂ ಅದು ಬಹುಬೇಗ ಪಾತ್ರೆಯನ್ನೆಲ್ಲ ಆಕ್ರಮಿಸಬಲ್ಲದು. ‘ಹಾಲಿನ ಕೊಡಕ್ಕೆ ಹುಳಿ ಹಿಂಡಿದಂತೆ’ ಎಂಬ ನಾಣ್ಣುಡಿ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಈ ಅಪಾಯವನ್ನು ತಡೆಯಲು ಉಕ್ಕಿನ ಬಯೋರಿಯಾಕ್ಟರನ್ನು ಪ್ರತಿ ಬಾರಿಯೂ ಕ್ಷಾರ ಮತ್ತು ಆಮ್ಲಗಳ ದ್ರಾವಣದಿಂದ ತೊಳೆದು, ಅತಿ ಶುದ್ಧ ನೀರಿನಿಂದ ಜಾಲಿಸಿ, ಸುಮಾರು 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒತ್ತಡದ ಹಬೆಯಿಂದ ನಿರ್ಜೀವಾಣುಗೊಳಿಸಬೇಕು. ಹಿಂದಿನ ಔಷಧದ ಲೇಶವೂ ಉಳಿದಿಲ್ಲವೆಂದು ಪರೀಕ್ಷೆಗಳ ಮೂಲಕ ದಾಖಲೆ ಸಮೇತ ತೋರಿಸಬೇಕು. ಹುಣಸೆಹಣ್ಣು ಮತ್ತು ಬೂದಿಯ ಸ್ಥಾನದಲ್ಲಿ ಕ್ಷಾರ, ಆಮ್ಲ, ಹಬೆಗಳಿವೆ. ಹತ್ತು ಸಾವಿರ ಲೀಟರಿಗೂ ಮಿಕ್ಕಿದ ಉಕ್ಕಿನ ಪಾತ್ರೆಗಳು ಬಳಕೆಯಲ್ಲಿದ್ದು, ಅವುಗಳಿಗೆ ಜೋಡಿಸಿದ ಕೊಳವೆ, ಕವಾಟಗಳ ಜಾಲವೂ ಇದೇ ಶುದ್ಧಿಗೆ ಒಳಪಡಬೇಕಾಗುತ್ತದೆ.

ಚೀಲದ ಆಗಮನ

ವೈದ್ಯಕೀಯದಲ್ಲಿ ಗಡಸು ಪಾತ್ರೆಯ ಜಾಗಕ್ಕೆ ಚೀಲ ಬಂದದ್ದಕ್ಕೆ ಒಂದು ಪೂರ್ವನಿದರ್ಶನವಿದೆ. ರಕ್ತವನ್ನು ಗಾಜಿನ ಬಾಟಲಿಗಳಲ್ಲಿ ಸಂಗ್ರಹಿಸುತ್ತಿದ್ದ ಕಾಲದಲ್ಲಿ, 1950ರ ಸುಮಾರಿಗೆ ಅಮೆರಿಕದ ಕಾರ್ಲ್ ವಾಲ್ಟರ್ ಮತ್ತು ವಿಲಿಯಂ ಮರ್ಫಿ ಪ್ಲಾಸ್ಟಿಕ್ಕಿನ ರಕ್ತಚೀಲವನ್ನು ರೂಪಿಸಿದರು. ಅದು ಕ್ರಮೇಣ ಬಾಟಲಿಯ ಸ್ಥಾನವನ್ನು ಪಡೆಯಿತು.

ಜೀವಕೋಶಗಳ ಕೃಷಿಯಲ್ಲಿ ಇಂಥ ತಿರುವು ಬಂದದ್ದು 1990ರ ದಶಕದ ಕೊನೆಯಲ್ಲಿ. ವಿಜಯ್ ಸಿಂಗ್ ಎಂಬ ವಿಜ್ಞಾನಿ ತಾವು ರೂಪಿಸಿದ ಅಲೆಯಾಟದ ಬಯೋರಿಯಾಕ್ಟರಿನ ವಿವರಗಳನ್ನು 1999ರಲ್ಲಿ ಪ್ರಕಟಿಸಿದರು. ಪೋಷಕ ದ್ರವ ತುಂಬಿದ ಪ್ಲಾಸ್ಟಿಕ್ಕಿನ ಚೀಲವನ್ನು ಹಲಗೆಯ ಮೇಲಿಟ್ಟು ಆಚೀಚೆ ತೂಗಲಾಗುತ್ತದೆ. ಒಳಗೆ ಏಳುವ ಅಲೆಗಳು ದ್ರವವನ್ನು ಕಲಕುವುದರ ಜೊತೆಗೆ ಗಾಳಿಯನ್ನೂ ಅದರಲ್ಲಿ ಬೆರೆಸುತ್ತವೆ. ಕಡೆಗೋಲಿನಂತೆ ತಿರುಗುವ ಅಲಗುಗಳ ಬದಲು ತೊಟ್ಟಿಲಿನಂತೆ ತೂಗುವ ಚಲನೆಯನ್ನು ಬಳಸಿದ್ದು ಇದರ ವಿಶೇಷ. ಮುಂದೆ 2000ರ ದಶಕದಲ್ಲಿ, ಒಳಗೇ ಕಲಕುವ ಅಲಗನ್ನು ಹೊಂದಿದ, ಉಕ್ಕಿನ ಚೌಕಟ್ಟಿನೊಳಗೆ ಕೂರಿಸುವ ದೊಡ್ಡ ಚೀಲಗಳು ಮಾರುಕಟ್ಟೆಗೆ ಬಂದವು.

ಈ ಚೀಲ ಸಾಮಾನ್ಯ ಕೈಚೀಲದಂಥದಲ್ಲ. ಅದರ ಹಾಳೆಯಲ್ಲಿ ಹಲವು ಪದರಗಳಿರುತ್ತವೆ. ದ್ರವವನ್ನು ಮುಟ್ಟುವ ಒಳಪದರ ಬಹುಮಟ್ಟಿಗೆ ಪಾಲಿಎಥಿಲೀನಿನದು. ನಡುವೆ ಅನಿಲಗಳ ಸಂಚಾರವನ್ನು ತಡೆಯುವ ಪದರ. ಹೊರಗೆ ಬಲ ಕೊಡುವ ಪದರ. ಕೊಳವೆ, ಸೋಸುಕಗಳನ್ನು ಮೊದಲೇ ಜೋಡಿಸಿ, ಗಾಮಾ ಕಿರಣಗಳಿಂದ ನಿರ್ಜೀವಾಣುಗೊಳಿಸಿ, ಮುಚ್ಚಿದ ಹೊದಿಕೆಯಲ್ಲಿ ಪೂರೈಸಲಾಗುತ್ತದೆ. ಕಾರ್ಖಾನೆಯವರು ಅದನ್ನು ಚೌಕಟ್ಟಿಗೆ ಕೂರಿಸಿ, ಬಳಸಿ, ಕೊನೆಗೆ ತೆಗೆದು ಹಾಕುತ್ತಾರೆ. ಚೌಕಟ್ಟು ಉಳಿಯುತ್ತದೆ, ಚೀಲ ಹೋಗುತ್ತದೆ.

ಪ್ರಯೋಜನಗಳು

ಮೊದಲನೆಯ ಪ್ರಯೋಜನ ಶುದ್ಧಿಯದು. ಪ್ರತಿ ಬಾರಿಯೂ ಹೊಸ ಚೀಲ ಬಳಸುವುದರಿಂದ ಒಂದು ಔಷಧದ ಅಂಶ ಇನ್ನೊಂದಕ್ಕೆ ಸೇರುವ ಸಂಭವ ಬಹಳ ಕಡಿಮೆ. ಒಂದೇ ಕಟ್ಟಡದಲ್ಲಿ ಹಲವು ಔಷಧಗಳನ್ನು ಒಂದರ ನಂತರ ಒಂದರಂತೆ ತಯಾರಿಸುವವರಿಗೆ ಇದು ಬಹುದೊಡ್ಡ ಅನುಕೂಲ. ಎರಡನೆಯದು ಸಮಯ. ತೊಳೆಯುವ, ಹಬೆ ಹಾಯಿಸುವ, ಪರೀಕ್ಷಿಸುವ ಕೆಲಸಗಳು ತಪ್ಪುವುದರಿಂದ ಒಂದು ತಯಾರಿಕೆ ಮುಗಿದ ಮೇಲೆ ಮುಂದಿನದನ್ನು ಬೇಗ ಆರಂಭಿಸಬಹುದು. ಮೂರನೆಯದು ಆರಂಭಿಕ ಬಂಡವಾಳ. ಹಬೆ ಮತ್ತು ತೊಳೆಯುವ ದ್ರಾವಣಗಳಿಗೆ ಬೇಕಾದ ಕೊಳವೆಗಳ ಜಾಲವನ್ನು ಬಹುಪಾಲು ಕೈಬಿಡಬಹುದಾದ್ದರಿಂದ ಸಣ್ಣ ಸಂಸ್ಥೆಗಳೂ ಈ ಕ್ಷೇತ್ರವನ್ನು ಪ್ರವೇಶಿಸಬಲ್ಲವು. ನಾಲ್ಕನೆಯದು ನೀರು ಮತ್ತು ಇಂಧನ. ಅತಿ ಶುದ್ಧ ನೀರನ್ನು ಸಿದ್ಧಪಡಿಸಲು, ಹಬೆ ಎಬ್ಬಿಸಲು ಖರ್ಚಾಗುವ ಶಕ್ತಿಯನ್ನು ಲೆಕ್ಕಕ್ಕೆ ಹಿಡಿದಾಗ ಒಟ್ಟು ಪರಿಸರ ಹೊರೆ ಚೀಲದ ವ್ಯವಸ್ಥೆಯಲ್ಲಿಯೇ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ವಿಜಯಪುರದಂಥ ಬರದ ಸೀಮೆಯವರಿಗೆ ಈ ವಾದದ ತೂಕ ಸುಲಭವಾಗಿ ಅರ್ಥವಾಗುತ್ತದೆ. ನೀರಿಲ್ಲದ ಊರಿನಲ್ಲಿ ಮದುವೆಯ ಊಟಕ್ಕೆ ಮುತ್ತುಗದ ಎಲೆಯ ಪತ್ರಾವಳಿಯೇ ಅನುಕೂಲ; ನೂರಾರು ತಾಟುಗಳನ್ನು ತೊಳೆಯಲು ನೀರೆಲ್ಲಿಂದ ತರುವುದು?

ಕರ್ನಾಟಕದ ಮಟ್ಟಿಗೆ ಈ ಪ್ರಯೋಜನಗಳ ಮಹತ್ವ ಸಣ್ಣದಲ್ಲ. ಆಸ್ಟ್ರೇಲಿಯದ ಬಲ್ಲರಾಟ್‌ನಲ್ಲಿ ಬಿಯರ್ ತಯಾರಿಕೆಯ ಶಿಕ್ಷಣ ಪಡೆದ ಕಿರಣ್ ಮಜುಂದಾರ್ ಅವರು 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದರು. ಹುದುಗಿನ ವಿದ್ಯೆಯಿಂದ ಔಷಧದ ವಿದ್ಯೆಗೆ ನಡೆದ ಈ ದಾಟು ಗಮನಾರ್ಹ. 2001ರಲ್ಲಿ ರಾಜ್ಯ ಸರ್ಕಾರ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. ಬಯೋಕಾನ್ ಸಮೂಹದ ಸಿಂಜೀನ್ ಸಂಸ್ಥೆ 2025ರ ಮಾರ್ಚ್‌ನಲ್ಲಿ ಅಮೆರಿಕದ ಬಾಲ್ಟಿಮೋರಿನ ಒಂದು ಘಟಕವನ್ನು ಕೊಳ್ಳುವ ವಿಚಾರವನ್ನು ಘೋಷಿಸಿದಾಗ, ತನ್ನ ಏಕಬಳಕೆಯ ಬಯೋರಿಯಾಕ್ಟರುಗಳ ಒಟ್ಟು ಸಾಮರ್ಥ್ಯ 50,000 ಲೀಟರಿಗೆ ಏರುವುದೆಂದು ತಿಳಿಸಿತು. ಬೇರೆ ಬೇರೆ ಗ್ರಾಹಕರಿಗಾಗಿ ಬೇರೆ ಬೇರೆ ಔಷಧಗಳನ್ನು ತಯಾರಿಸಿಕೊಡುವ ಇಂಥ ಸಂಸ್ಥೆಗಳಿಗೆ ಚೀಲ ಹೇಳಿಮಾಡಿಸಿದಂತಿದೆ.

ಮಿತಿಗಳು

ಚೀಲದ ಮೊದಲ ಮಿತಿ ಗಾತ್ರ. ಸಾಮಾನ್ಯವಾಗಿ ಬಳಕೆಯಲ್ಲಿರುವ ದೊಡ್ಡ ಚೀಲಗಳು 2,000 ಲೀಟರಿನವು. ಇತ್ತೀಚೆಗೆ 5,000, 6,000 ಲೀಟರಿನವೂ ಬಂದಿವೆಯಾದರೂ ಉಕ್ಕಿನ ಪಾತ್ರೆಯ ಗಾತ್ರವನ್ನು ಅವು ಮುಟ್ಟಿಲ್ಲ. ಎರಡನೆಯದು ಆಮ್ಲಜನಕ ಮತ್ತು ಶಾಖ. ಪ್ಲಾಸ್ಟಿಕ್ಕಿನ ಗೋಡೆಯ ಮೂಲಕ ಶಾಖವನ್ನು ಬೇಗ ಹೊರತೆಗೆಯುವುದು ಕಷ್ಟ. ಬಿರುಸಾಗಿ ಕಲಕುವುದೂ ಕಷ್ಟ. ಆದಕಾರಣ ನಿಧಾನವಾಗಿ ಬೆಳೆಯುವ ಪ್ರಾಣಿ ಜೀವಕೋಶಗಳಿಗೆ ಚೀಲ ಒಗ್ಗಿದಷ್ಟು ಬ್ಯಾಕ್ಟೀರಿಯಾ, ಯೀಸ್ಟುಗಳಿಗೆ ಒಗ್ಗುವುದಿಲ್ಲ. ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಪಿಕಿಯಾ ಎಂಬ ಯೀಸ್ಟಿನಿಂದ ತಯಾರಾದದ್ದು. ಕೋಟ್ಯಂತರ ಮಧುಮೇಹಿಗಳಿಗೆ ಬೇಕಾಗುವ ಇಂಥ ಔಷಧಗಳ ತಯಾರಿಕೆ ಜಗತ್ತಿನಾದ್ಯಂತ ದೊಡ್ಡ ಉಕ್ಕಿನ ಪಾತ್ರೆಗಳನ್ನೇ ನೆಚ್ಚಿಕೊಂಡಿದೆ.

ಅಗ್ಗದ ಬೆಲೆಯಲ್ಲಿ ಅಪಾರ ಪ್ರಮಾಣದಲ್ಲಿ ಬೇಕಾಗುವ ಲಸಿಕೆಗಳ ವಿಷಯದಲ್ಲಿಯೂ ಇದೇ ಮಾತು. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯ ಜಾನುವಾರು ಸಂತೆಗೆ ಬರುವ ಎತ್ತುಗಳನ್ನು ಕಾಡುವ ರೋಗಗಳಲ್ಲಿ ಕಾಲುಬಾಯಿ ಬೇನೆ ಮುಖ್ಯವಾದುದು. ಅದರ ಲಸಿಕೆಗೆ ಬೇಕಾದ ವೈರಾಣುವನ್ನು ಹ್ಯಾಮ್‌ಸ್ಟರ್ ಮರಿಯ ಮೂತ್ರಪಿಂಡದ ಜೀವಕೋಶಗಳಲ್ಲಿ, ದೊಡ್ಡ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದ ಗುರಿ 50 ಕೋಟಿಗೂ ಹೆಚ್ಚು ಜಾನುವಾರುಗಳು. ಪ್ರತಿ ಬಾರಿಯೂ ಹೊಸ ಚೀಲದ ಬೆಲೆಯನ್ನು ಸೇರಿಸುತ್ತ ಹೋದರೆ ಎತ್ತಿನ ಲಸಿಕೆ ಒಕ್ಕಲಿಗನಿಗಾಗಲಿ ಸರ್ಕಾರಕ್ಕಾಗಲಿ ನಿಲುಕುವ ಬೆಲೆಯಲ್ಲಿ ಉಳಿಯುವುದು ಕಷ್ಟ. ಒಂದೇ ಪದಾರ್ಥವನ್ನು ವರ್ಷವಿಡೀ ತಯಾರಿಸುವಲ್ಲಿ ಉಕ್ಕು ಲಾಭಕರ. ಹಲವು ಪದಾರ್ಥಗಳನ್ನು ಸ್ವಲ್ಪ ಸ್ವಲ್ಪವೇ ತಯಾರಿಸುವಲ್ಲಿ ಚೀಲ ಲಾಭಕರ.

ಮೂರನೆಯ ಮಿತಿ ಪಾತ್ರೆಯಿಂದ ಪದಾರ್ಥಕ್ಕೆ ಇಳಿಯುವ ಅಂಶಗಳದು. ಪ್ಲಾಸ್ಟಿಕ್ಕು ಕೆಡದಿರಲೆಂದು ಬೆರೆಸುವ ಒಂದು ರಕ್ಷಕ ರಾಸಾಯನಿಕವು ಗಾಮಾ ಕಿರಣಗಳಿಗೆ ಒಡ್ಡಿದ ಮೇಲೆ ವಿಘಟನೆಗೊಂಡು, ಅದರಿಂದ ಹುಟ್ಟಿದ ಫಾಸ್ಫೇಟ್ ಸಂಯುಕ್ತವು ದ್ರವಕ್ಕೆ ಇಳಿದು ಜೀವಕೋಶಗಳ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ ಎಂಬುದನ್ನು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಅನಂತರ ಚೀಲದ ಹಾಳೆಗಳ ರಚನೆಯಲ್ಲಿ ಸುಧಾರಣೆಗಳಾದವು. ಶುದ್ಧಿಗಾಗಿ ಹಾಯಿಸಿದ ಕಿರಣವೇ ಅಶುದ್ಧಿಗೆ ಕಾರಣವಾದದ್ದು ಇಲ್ಲಿನ ವಿಪರ್ಯಾಸ. ಕಲಾಯಿ ಹೋದ ಪಾತ್ರೆಯ ಕಿಲುಬನ್ನು ಬಲ್ಲ ಜನಪದರಿಗೆ ಈ ಸಂಗತಿ ತತ್ವಶಃ ಹೊಸದಲ್ಲ.

ನಾಲ್ಕನೆಯದು ಚೀಲದ ಭದ್ರತೆ. ಕಣ್ಣಿಗೆ ಕಾಣದ ಒಂದು ಸಣ್ಣ ರಂಧ್ರವೂ ವಾರಗಳ ಶ್ರಮವನ್ನು, ಬೆಲೆಬಾಳುವ ಔಷಧವನ್ನು ಹಾಳುಮಾಡಬಲ್ಲದು. ಗಡಿಗೆಯನ್ನು ತಟ್ಟಿ ನೋಡುವಂತೆ ಚೀಲಕ್ಕೆ ಗಾಳಿ ತುಂಬಿ ಒತ್ತಡ ಇಳಿಯುವುದೇ ಎಂದು ಪರೀಕ್ಷಿಸಲಾಗುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯ ಎಚ್ಚರ ಇಲ್ಲಿಯೂ ಬೇಕು.

ಚೀಲವೊಂದರಿಂದಲೇ ಶುದ್ಧಿ ಖಾತ್ರಿಯಾಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2009ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿದ್ದ ಜೆನ್‌ಜೈಮ್ ಕಂಪನಿಯ ಕಾರ್ಖಾನೆಯಲ್ಲಿ ಬಯೋರಿಯಾಕ್ಟರಿಗೆ ವೈರಾಣು ಸೇರಿ ತಯಾರಿಕೆ ನಿಂತಿತು. ಗೋಶೇ ಮತ್ತು ಫ್ಯಾಬ್ರಿ ಎಂಬ ಅಪರೂಪದ ಆನುವಂಶಿಕ ರೋಗಗಳ ರೋಗಿಗಳಿಗೆ ಔಷಧದ ಕೊರತೆ ಉಂಟಾಯಿತು. ವೈರಾಣು ಪೋಷಕ ಸಾಮಗ್ರಿಯ ಮೂಲಕ ಬಂದಿರಬೇಕೆಂದು ಶಂಕಿಸಲಾಯಿತು. ಹಾಲೇ ಕೆಟ್ಟಿದ್ದರೆ ಹೊಸ ಗಡಿಗೆಯಿಂದ ಫಲವಿಲ್ಲ.

ಕುಂಬಾರನಿಲ್ಲದ ಊರು

ಮೇಲಿನ ಮಿತಿಗಳಲ್ಲಿ ಹೆಚ್ಚಿನವು ತಾಂತ್ರಿಕವಾದವು, ಕಾಲಕ್ರಮದಲ್ಲಿ ಸುಧಾರಿಸಬಹುದಾದವು. ಬೇರೆ ಸ್ವರೂಪದ ಇನ್ನೊಂದು ಮಿತಿ ಇದೆ. ಅದನ್ನು ಅರಿಯಲು ಹಳ್ಳಿಯ ಆಯದ ವ್ಯವಸ್ಥೆಯನ್ನು ನೆನೆಯಬೇಕು. ಕುಂಬಾರನು ಊರಿನ ಆಯಗಾರರಲ್ಲಿ ಒಬ್ಬ. ವರ್ಷವಿಡೀ ಮನೆಮನೆಗೆ ಗಡಿಗೆ, ಮಗಿ, ಹರವಿಗಳನ್ನು ಒದಗಿಸಿ, ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳನ್ನು ಪಡೆಯುತ್ತಿದ್ದ. ಮದುವೆಯ ಐರಾಣಿಯನ್ನು ವಾದ್ಯ ಸಮೇತ ಕುಂಬಾರರ ಮನೆಯಿಂದಲೇ ತರಬೇಕು. ಶವದ ಮುಂದಿನ ಮಡಕೆಯೂ ಅವರಲ್ಲಿಂದಲೇ ಬರಬೇಕು. ಆಯದ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಇತ್ತು, ಕೊಡುವವರ ಮತ್ತು ಪಡೆಯುವವರ ನಡುವೆ ಸಮಾನತೆ ಇರಲಿಲ್ಲ. ಆದರೆ ಅದರ ಒಂದು ಒಳತಿಳಿವಳಿಕೆ ಮುಖ್ಯವಾದುದು. ಒಡೆಯುವ ಪಾತ್ರೆಯನ್ನು ನೆಚ್ಚಿದ ಊರಿಗೆ ಪಾತ್ರೆ ಮಾಡುವವನು ಕೈಗೆಟುಕುವಲ್ಲಿ ಇರಬೇಕು. ಲೋಹದ ಪಾತ್ರೆಯನ್ನು ಒಮ್ಮೆ ಪೇಟೆಯಿಂದ ತಂದರೆ ಎರಡು ತಲೆಮಾರು ಸಾಗುತ್ತದೆ. ಮಣ್ಣಿನ ಪಾತ್ರೆಯವರು ಕುಂಬಾರನ ಸಂಬಂಧವನ್ನು ಕಡಿದುಕೊಳ್ಳುವಂತಿಲ್ಲ.

ಏಕಬಳಕೆಯ ಬಯೋರಿಯಾಕ್ಟರಿನ ಮಟ್ಟಿಗೆ ಈ ಕುಂಬಾರ ದೂರದಲ್ಲಿದ್ದಾನೆ. ಚೀಲಗಳ ಜಾಗತಿಕ ಪೂರೈಕೆ ಬಹುಮಟ್ಟಿಗೆ ಸಾರ್ಟೋರಿಯಸ್, ಸೈಟಿವಾ, ಥರ್ಮೋ ಫಿಶರ್, ಮರ್ಕ್ ಮೊದಲಾದ ಕೆಲವೇ ಬಹುರಾಷ್ಟ್ರೀಯ ಕಂಪನಿಗಳ ಕೈಯಲ್ಲಿದೆ. ಒಂದು ಕಂಪನಿಯ ಚೀಲವು ಇನ್ನೊಂದರ ಚೌಕಟ್ಟಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ಅನುಮೋದನೆ ಪಡೆದ ಔಷಧವೊಂದರ ತಯಾರಿಕೆಯಲ್ಲಿ ಚೀಲವನ್ನು ಬದಲಿಸಬೇಕಾದರೆ ಹೊಸದಾಗಿ ಪರೀಕ್ಷೆ, ದಾಖಲೆಗಳು ಬೇಕು.

ಇದರ ಪರಿಣಾಮ ಕೋವಿಡ್ ಕಾಲದಲ್ಲಿ ಪ್ರಕಟವಾಯಿತು. ಅಮೆರಿಕವು 1950ರ ರಕ್ಷಣಾ ಉತ್ಪಾದನಾ ಕಾಯಿದೆಯನ್ನು ಬಳಸಿ ತನ್ನ ಲಸಿಕಾ ತಯಾರಕರಿಗೆ ಸಾಮಗ್ರಿಗಳ ಆದ್ಯತೆ ನೀಡಿದಾಗ ಇತರ ದೇಶಗಳಿಗೆ ಪೂರೈಕೆ ಬಿಗಿಯಾಯಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಮುಖ್ಯಸ್ಥ ಅದಾರ್ ಪೂನಾವಾಲಾ ಅವರು 2021ರ ಮಾರ್ಚ್‌ನಲ್ಲಿ ಚೀಲಗಳು ಮತ್ತು ಸೋಸುಕಗಳು ದೊರೆಯದಿರುವುದನ್ನು ಹೆಸರಿಸಿ ಎಚ್ಚರಿಸಿದರು; ಏಪ್ರಿಲ್ 16ರಂದು ಅಮೆರಿಕದ ಅಧ್ಯಕ್ಷರಿಗೆ ಬಹಿರಂಗವಾಗಿ ಮನವಿ ಮಾಡಿದರು. ಈ ಕೊರತೆಯ ಬಿಸಿ ವಿಶೇಷವಾಗಿ ಕೋವೊವ್ಯಾಕ್ಸ್ ಲಸಿಕೆಗೆ ತಟ್ಟಿತು. ಏಪ್ರಿಲ್ 25ರಂದು, ಕೋವಿಶೀಲ್ಡ್ ತಯಾರಿಕೆಗೆ ಬೇಕಾದ ಕಚ್ಚಾ ಸಾಮಗ್ರಿಯನ್ನು ಒದಗಿಸುವುದಾಗಿ ಅಮೆರಿಕ ಸರ್ಕಾರ ಪ್ರಕಟಿಸಿತು. ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದ ಆ ದಿನಗಳಲ್ಲಿ, ಲಸಿಕೆಯ ವಿದ್ಯೆ, ಕಟ್ಟಡ, ಕುಶಲ ಕೆಲಸಗಾರರು ಎಲ್ಲವೂ ಇದ್ದ ದೇಶವೊಂದು ಒಮ್ಮೆ ಬಳಸಿ ಎಸೆಯುವ ಚೀಲಕ್ಕಾಗಿ ಪರದೇಶದತ್ತ ನೋಡಬೇಕಾಯಿತು. ಉಕ್ಕಿನ ಪಾತ್ರೆಯನ್ನು ನೆಚ್ಚಿದವರಿಗೂ ಪೋಷಕ ದ್ರವ, ಸೋಸುಕಗಳ ಪರಾಧೀನತೆ ಇದ್ದೇ ಇದೆ. ಆದರೆ ಪ್ರತಿ ತಯಾರಿಕೆಗೂ ಪಾತ್ರೆಯನ್ನೇ ಬೇಡುವ ಸ್ಥಿತಿ ಅವರಿಗೆ ಇಲ್ಲ.

ಎಸೆದದ್ದು ಎಲ್ಲಿಗೆ

ಬಳಕೆ ಮುಗಿದ ಮೇಲೆ ಪಾತ್ರೆ ಎಲ್ಲಿಗೆ ಹೋಗಬೇಕು ಎಂಬುದಕ್ಕೂ ಜನಪದ ಆಚರಣೆಗಳಲ್ಲಿ ನಿಯಮವಿದೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು ಪೂಜೆಯ ನಂತರ ನೀರಿಗೆ ಸೇರುತ್ತವೆ. ಭಾದ್ರಪದದ ಜೋಕುಮಾರನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತಿರುಗಿ, ಹುಣ್ಣಿಮೆಯ ಹೊತ್ತಿಗೆ ವಿಸರ್ಜಿಸುತ್ತಾರೆ. ಮುಂದಿನ ವರ್ಷ ಹೊಸ ಮೂರ್ತಿ ಬರುತ್ತದೆ. ಪುನಃ ಪುನಃ ಮಾಡುವುದು, ಪುನಃ ಪುನಃ ಬಿಡುವುದು ಈ ಸಂಸ್ಕೃತಿಗೆ ಅಪರಿಚಿತವಲ್ಲ. ಬಿಟ್ಟ ವಸ್ತು ಮಣ್ಣಾಗುವಂಥದ್ದೇ ಆಗಿರುವುದು ಅದರ ಆಧಾರ. ಇದಕ್ಕೆ ವಿರುದ್ಧವಾದ ಇನ್ನೊಂದು ಆಚರಣೆಯೂ ಉಂಟು. ಬೇನೆ ಬಂದಾಗ ರೋಗದ ದೇವತೆಯನ್ನು ಊರಿನ ಸೀಮೆ ದಾಟಿಸಿ ಬಿಟ್ಟುಬರುವುದು. ಅಲ್ಲಿಂದ ಅದು ಮುಂದಿನ ಊರಿನವರ ಪಾಲಿಗೆ ಬರುತ್ತಿತ್ತು.

ಬಯೋರಿಯಾಕ್ಟರಿನ ಚೀಲ ಈ ಎರಡನೆಯ ದಾರಿಯತ್ತ ವಾಲುತ್ತದೆ. ಬಳಸಿದ ಚೀಲದೊಳಗಿನ ಜೀವಕೋಶಗಳನ್ನು ಮೊದಲು ನಿಷ್ಕ್ರಿಯಗೊಳಿಸಬೇಕು. ಬೇರೆ ಬೇರೆ ಪ್ಲಾಸ್ಟಿಕ್ಕುಗಳ ಪದರಗಳು ಬೆಸೆದುಕೊಂಡಿರುವುದರಿಂದ ಅದನ್ನು ಮರುಬಳಕೆಗೆ ಒಳಪಡಿಸುವುದು ಕಷ್ಟ. ಬಹುಪಾಲು ಸುಡಲಾಗುತ್ತದೆ ಅಥವಾ ನೆಲಭರ್ತಿಗೆ ಸಾಗಿಸಲಾಗುತ್ತದೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮೊದಲಾದವುಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಗುರುತಿಸಿದ ಕೆಲವು ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಿತು. ಗಾಂಧಿ ಚೌಕದ ಹೂವಿನವರು, ಕಾಯಿಪಲ್ಲೆಯವರು ಈ ನಿಯಮಗಳಿಗೆ ಒಳಪಟ್ಟವರು. ಔಷಧದ ಚೀಲ ಈ ಪಟ್ಟಿಗಳಲ್ಲಿಲ್ಲ. ಜೀವ ಉಳಿಸುವ ಔಷಧಕ್ಕೂ ಕಾಯಿಪಲ್ಲೆಗೂ ಒಂದೇ ಅಳತೆ ಸಲ್ಲದೆಂಬುದು ಸರಿ. ಆದರೆ ವಿನಾಯಿತಿ ಪಡೆದ ಚೀಲದ ಕೊನೆಯ ಗತಿಯ ಹೊಣೆ ಅದನ್ನು ತಯಾರಿಸಿದವರದೂ ಬಳಸಿದವರದೂ ಆಗಬೇಕಾದುದು ನ್ಯಾಯ. ನೀರು, ಇಂಧನಗಳ ಉಳಿತಾಯದ ಲೆಕ್ಕ ಎಷ್ಟೇ ಸರಿಯಿದ್ದರೂ, ಉಳಿತಾಯ ಕಾರ್ಖಾನೆಯ ಒಳಗೆ ಆಗುತ್ತದೆ, ಕಸ ಮಾತ್ರ ಸೀಮೆಯ ಆಚೆ ಬೀಳುತ್ತದೆ.

ಸಮಾರೋಪ

ಏಕಬಳಕೆಯ ಬಯೋರಿಯಾಕ್ಟರ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹಲವು ಬಗೆಯ ಔಷಧಗಳನ್ನು ಮಿತ ಪ್ರಮಾಣದಲ್ಲಿ, ಶೀಘ್ರವಾಗಿ, ಕಡಿಮೆ ನೀರಿನಲ್ಲಿ ತಯಾರಿಸಬೇಕಾದಲ್ಲಿ ಅದರ ಉಪಯುಕ್ತತೆ ನಿರ್ವಿವಾದ. ಇನ್ಸುಲಿನ್, ಜಾನುವಾರು ಲಸಿಕೆಗಳಂತೆ ಅಪಾರ ಪ್ರಮಾಣದಲ್ಲಿ ಅಗ್ಗವಾಗಿ ಬೇಕಾದಲ್ಲಿ ಉಕ್ಕಿನ ಪಾತ್ರೆಗೆ ಸಾಟಿಯಿಲ್ಲ. ಅನೇಕ ಕಾರ್ಖಾನೆಗಳು ಈಗ ಮೊದಲ ಹಂತಗಳಲ್ಲಿ ಚೀಲವನ್ನೂ ಕೊನೆಯ ದೊಡ್ಡ ಹಂತದಲ್ಲಿ ಉಕ್ಕನ್ನೂ ಬಳಸುವ ಮಿಶ್ರಕ್ರಮವನ್ನು ಅನುಸರಿಸುತ್ತಿವೆ. ಒಂದೇ ಅಡುಗೆಮನೆಯಲ್ಲಿ ಮೊಸರಿಗೆ ಮಣ್ಣು, ಸಾರಿಗೆ ಲೋಹ, ಊಟಕ್ಕೆ ಎಲೆ ಎಂದು ಹಂಚಿಕೊಂಡ ಗೃಹಿಣಿಯ ವಿವೇಕಕ್ಕಿಂತ ಇದು ಭಿನ್ನವಲ್ಲ.

ಒಡೆಯುವ ಗಡಿಗೆಯ ಸಂಸ್ಕೃತಿ ಎರಡು ಆಧಾರಗಳ ಮೇಲೆ ನಿಂತಿತ್ತು: ಮಾಡುವವನು ಹತ್ತಿರವಿದ್ದ, ಒಡೆದದ್ದು ಮಣ್ಣಿಗೆ ಮರಳುತ್ತಿತ್ತು. ಎಸೆಯುವ ಚೀಲಕ್ಕೆ ಸದ್ಯಕ್ಕೆ ಈ ಎರಡೂ ಗಟ್ಟಿಯಾಗಿಲ್ಲ. ಚೀಲದ ಹಾಳೆ ಮತ್ತು ಜೋಡಣೆಗಳ ತಯಾರಿಕೆ ದೇಶದಲ್ಲಿಯೇ ನೆಲೆಯೂರುವುದು, ಬೇರೆ ಬೇರೆ ತಯಾರಕರ ಚೀಲಗಳು ಒಂದೇ ಚೌಕಟ್ಟಿಗೆ ಹೊಂದುವಂತಾಗುವುದು, ಬಳಸಿದ ಚೀಲವನ್ನು ಮರಳಿ ಪಡೆದು ವಿಲೇವಾರಿ ಮಾಡುವ ಹೊಣೆ ನಿಗದಿಯಾಗುವುದು ಈ ದಿಕ್ಕಿನಲ್ಲಿ ಆಗಬೇಕಾದ ಕೆಲಸಗಳು. 2021ರ ಬೇಸಿಗೆಯ ಅನುಭವವನ್ನು ನೆನೆದರೆ ಇವುಗಳಲ್ಲಿ ಮೊದಲನೆಯದನ್ನು ಮುಂದಿನ ಸಾಂಕ್ರಾಮಿಕದ ತನಕ ಮುಂದೂಡುವಂತಿಲ್ಲ.